ಎರಡು ಬೇವಿನ ಮರಗಳ ನಡುವಿನ ನೆಟ್

ಮಳೆ ಬಿಟ್ಟಿರಲಿಲ್ಲ. ರಾಣೆಬೆನ್ನೂರಿನ ನಮ್ಮ ಹೈಸ್ಕೂಲಿನ ಮೈದಾನ ಪೂರ್ತಿ ಕೆಸರು. ಶನಿವಾರ ಬ್ಯಾಡಗಿಯಲ್ಲಿ ನಾನು ತರಬೇತಿ ಕೊಡುತ್ತಿದ್ದ ಹುಡುಗಿಯರ ವಾಲಿಬಾಲ್ ಪಂದ್ಯ. ಉಳಿದದ್ದು ನಾಲ್ಕು ದಿನ. ಐದೂ ಇರಬಹುದು, ನನ್ನ ನೆನಪಿನ ಮೇಲೆ ನನಗೇ ಭರವಸೆ ಕಡಿಮೆ.

ಮೇಡ್ಲೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎಂಥ ಚೆಂಡನ್ನೂ ನೆಲ ಮುಟ್ಟಲು ಬಿಡುತ್ತಿರಲಿಲ್ಲ. ಆದರೆ ಅವಳ ಸರ್ವ್ ಪ್ರತಿ ಸಲ ನೆಟ್ಟಿಗೇ. ಬ್ಯಾಡಗಿಯಲ್ಲಿ ಮೊದಲ ಸರ್ವ್ ದಾಟದಿದ್ದರೆ ಹೊರಗೆ ಕೂರಿಸುತ್ತೇನೆ ಎಂದು ಹೇಳಿಬಿಟ್ಟಿದ್ದೆ. ಅವಳಿಗೆ ಅದು ಶಾಲೆಯ ಕೊನೆಯ ವರ್ಷ.

ಕಣ್ಣು ಮುಚ್ಚಿ ಮನಸ್ಸಿನಲ್ಲೇ ಆಟ ಅಭ್ಯಾಸ ಮಾಡುವ ವಿಧಾನವನ್ನು ವಿಶ್ವವಿದ್ಯಾಲಯದಲ್ಲಿ ಓದಿದ್ದೆ. ಒಳ್ಳೆಯ ಅಂಕ ಬಂದಿತ್ತು, ನಂಬಿಕೆ ಬಂದಿರಲಿಲ್ಲ. ಬೇರೆ ದಾರಿ ಕಾಣದೆ ತಂಡವನ್ನು ಖಾಲಿ ಕೋಣೆಯಲ್ಲಿ ಕೂರಿಸಿದೆ. ಅಂಗೈಯಲ್ಲಿ ಚೆಂಡಿನ ಭಾರ ತಿಳಿಯಲಿ, ಹೊಡೆಯಿರಿ, ಆಚೆ ಬೀಳುವುದನ್ನು ನೋಡಿ ಎಂದೆ. ನಿಂತಲ್ಲಿ ನಿಲ್ಲಲಾರದ ನಾನು ಬೆಂಚುಗಳ ನಡುವೆ ಓಡಾಡುತ್ತಿದ್ದೆ. ಎಲ್ಲರ ಚೆಂಡೂ ದಾಟಿತು. ಮೇಡ್ಲೇರಿಯವಳನ್ನು ಕೇಳಿದೆ.

“ನೆಟ್ಟಿಗೆ ಬಡೀತ್ರಿ ಸರ.”

ಕೋಣೆಯೆಲ್ಲ ನಕ್ಕಿತು. ಮನಸ್ಸಿನಲ್ಲಾದರೂ ದಾಟಿಸಬಾರದೇ ಎಂದೆ. ನೆಟ್ಟೇ ಅಷ್ಟು ಎತ್ತರ ಇರುವಾಗ ಸುಳ್ಳು ಹೇಗೆ ಹೇಳುವುದು ಎಂದಳು. ವಿಚಾರಿಸಿದರೆ, ಅವಳು ನೋಡುತ್ತಿದ್ದದ್ದು ನಮ್ಮ ನೆಟ್ ಅಲ್ಲ. ಊರಿನಲ್ಲಿ ಅವಳ ಅಣ್ಣ ಎರಡು ಬೇವಿನ ಮರಗಳ ನಡುವೆ ತನ್ನ ಎತ್ತರಕ್ಕೆ ತಕ್ಕಂತೆ ಕಟ್ಟಿದ್ದ ನೆಟ್. ಅವಳು ಆಟ ಕಲಿತದ್ದು ಅಲ್ಲಿ. ಇದಕ್ಕೇನು ಮಾಡಬೇಕೆಂದು ಯಾವ ಪ್ರಾಧ್ಯಾಪಕರೂ ಹೇಳಿಕೊಟ್ಟಿರಲಿಲ್ಲ.

“ಹಂಗಾರ ಮೊದ್ಲ ಅದನ್ನ ಇಳಸವಾ,” ಎಂದೆ.

ಅವಳು ಕಣ್ಣು ಮುಚ್ಚಿದಳು. ಬೆರಳುಗಳು ಗಾಳಿಯಲ್ಲಿ ಏನನ್ನೋ ಬಿಚ್ಚತೊಡಗಿದವು. ಎರಡು ನಿಮಿಷ ಕಾದು, ಆಯಿತೇ ಎಂದು ಕೇಳಿದೆ.

“ತಡೀರಿ ಸರ, ನಮ್ಮಣ್ಣ ಗಂಟು ಭಾಳ ಬಿಗಿ ಹಾಕ್ಯಾನ.”

ಪಕ್ಕದಲ್ಲಿದ್ದ ತಂಡದ ನಾಯಕಿ, ಕಣ್ಣು ಮುಚ್ಚಿಕೊಂಡೇ, ಈಚೆ ಮರದ ಗಂಟು ತಾನು ಬಿಚ್ಚುವುದಾಗಿ ಹೇಳಿ ಕೈ ಚಾಚಿದಳು. ಇನ್ನೊಬ್ಬಳು ಅವಳನ್ನು ಮರ ಹತ್ತಿಸಲು ಬೆನ್ನು ಬಾಗಿಸಿ ನಿಂತಳು. ನಗು ತಡೆಯಲಾರದೆ ನಾನು ಕಿಟಕಿಯ ಸರಳು ಹಿಡಿದುಕೊಂಡೆ.

ಅಂದಿನಿಂದ ದಿನಾ ಮೊದಲು ನೆಟ್ ಇಳಿಸುವುದು, ಆಮೇಲೆ ಸರ್ವ್. ಶುಕ್ರವಾರ ಅವಳ ಚೆಂಡು ದಾಟಿತು. ಇಲ್ಲದ ಚೆಂಡಿಗೆ ಇಡೀ ತಂಡ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಅದೂ ಎಲ್ಲರಿಗಿಂತ ಜೋರಾಗಿ.

ಶನಿವಾರ ಬ್ಯಾಡಗಿಯಲ್ಲಿ ಬಿಸಿಲು ಬಿದ್ದಿತ್ತು. ಅವಳ ಸರದಿ ಬಂತು. ರೆಫರಿ ಸೀಟಿ ಊದಿದ ಮೇಲೂ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಬೆರಳಾಡಿಸಿದಳು. ಆಮೇಲೆ ಹೊಡೆದಳು. ಚೆಂಡು ನೆಟ್ಟಿನ ಮೇಲೆ ಮೊಳದೆತ್ತರ ಹಾರಿ, ಬಿಸಿಲಿಗೆ ಮಿಂಚಿ, ಆಚೆ ಬಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪಂದ್ಯ ಮುಗಿಯುವವರೆಗೂ ಅವಳು ಒಳಗೇ ಇದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ಆ ಸರ್ವನ್ನು ವರ್ಣಿಸಿದೆ. ಹುಡುಗಿಯರು ಮುಖ ಮುಖ ನೋಡಿಕೊಂಡರು. ಅವಳು ಸರ್ವ್ ಹೊಡೆಯುವಾಗ ನಾನು ಕಣ್ಣು ಬಿಗಿಯಾಗಿ ಮುಚ್ಚಿದ್ದೆನಂತೆ. ಚೆಂಡು ನೆಟ್ಟಿನ ಪಟ್ಟಿ ಸವರಿಕೊಂಡು ಹೇಗೋ ಆಚೆ ಉರುಳಿತಂತೆ. ಇಲ್ಲ, ಮೊಳದೆತ್ತರ ಇತ್ತು ಎಂದು ವಾದಿಸಿದೆ.

ಮೇಡ್ಲೇರಿಯವಳು ನನ್ನನ್ನು ಸಮಾಧಾನ ಮಾಡಿದಳು: “ನೀವು ನೆಟ್ ಇನ್ನೂ ಒಂಚೂರು ಕೆಳಗ ಇಳಿಸಿರಬೇಕ ತಗೋರಿ ಸರ.”