ಅಂಚೆಚೀಟಿ ಇಲ್ಲದ ಪತ್ರ

2022ರ ಅಕ್ಟೋಬರ್. ನಾನು ದುಬೈಗೆ ಬಂದು ಆಗ ಎರಡು ವರ್ಷವಾಗಿತ್ತು. ವಾಹನ ವಿಮೆಯ ಕಚೇರಿಯೊಂದರಲ್ಲಿ ಕ್ಲೇಮುಗಳನ್ನು ಪರಿಶೀಲಿಸುವುದು ನನ್ನ ಕೆಲಸ. "ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಗುದ್ದಿದರು" ಎಂದು ಬರೆದುಕೊಟ್ಟವರ ಕಾರಿನ ಮುಂಭಾಗ ಜಜ್ಜಿಹೋಗಿರುವುದನ್ನು ದಿನಾ ನೋಡುವವಳು. ಅದಕ್ಕೂ ಮೊದಲು ಮಂಗಳೂರಿನ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ತಂಡದಲ್ಲಿದ್ದೆ. ಹೀಗಾಗಿ ಯಾರು ಏನು ಹೇಳಿದರೂ "ಪುರಾವೆ ಎಲ್ಲಿ?" ಎಂದು ಕೇಳುವುದು ಅಭ್ಯಾಸವಾಗಿಬಿಟ್ಟಿತ್ತು.

ದೀಪಾವಳಿಗೆಂದು ರವಿಕೆ ಹೊಲಿಯಲು ಕೊಟ್ಟಿದ್ದೆ. ದುಬೈಯ ಸತ್ವಾ ಬಡಾವಣೆಯಲ್ಲಿ ಟೈಲರ್ ಅಂಗಡಿ ಇಟ್ಟಿರುವ ಫೆಲಿಕ್ಸ್ ಅಂಕಲ್ ಕಲ್ಯಾಣಪುರದವರು, ನಾನು ಪಕ್ಕದ ಉಡುಪಿಯವಳು. ಇಂಟರ್‌ನ್ಯಾಷನಲ್ ಸಿಟಿಯಲ್ಲಿ ನನ್ನ ಕಟ್ಟಡದ ಕೆಳಗೇ ಟೈಲರ್ ಇದ್ದರೂ, ಬಸ್ಸಿನಲ್ಲಿ ಒಂದು ಗಂಟೆ ಕೂತು ಅವರಲ್ಲಿಗೇ ಹೋಗುತ್ತಿದ್ದೆ. ಆ ಶನಿವಾರ ಹೋದಾಗ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಒಬ್ಬರು ಮುದುಕಿ ಕೂತು, ಹಳೆ ಲಂಗದ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚುತ್ತಿದ್ದರು.

"ನಮ್ಮ ಅಮ್ಮ, ಸೆವ್ರಿನ್ ಬಾಯಿ. ಎಂಬತ್ತಾರು. ವಿಸಿಟ್ ವೀಸಾದಲ್ಲಿ ಬಂದದ್ದು. ವಿಮಾನ ಹತ್ತಿದ್ದು ಇದೇ ಫಸ್ಟ್ ಟೈಮ್" ಎಂದರು ಅಂಕಲ್.

"ಹೆದರಿಕೆ ಆಯ್ತಾ ಬಾಯಮ್ಮ?" ಎಂದೆ.

"ಹೆದರಿಕೆ ಎಂತಕ್ಕೆ? ಕೆಳಗೆ ಸಮುದ್ರ ನೋಡಿಕೊಂಡೇ ಬಂದೆ" ಎಂದರು. ಕಣ್ಣು ಹೊಲಿಗೆಯಿಂದ ಮೇಲೇಳಲಿಲ್ಲ.

ಅವರು ಸಮುದ್ರವನ್ನು ಯಾಕೆ ನೋಡಿದರೆಂದು ಅಂಕಲ್ ವಿವರಿಸಿದರು. ಬಾಯಮ್ಮನ ಅಪ್ಪ ಎಂಬತ್ತು ವರ್ಷಗಳಿಗೂ ಹಿಂದೆ ಇಲ್ಲೇ ಶಾರ್ಜಾದಲ್ಲಿದ್ದರಂತೆ. ಬ್ರಿಟಿಷರ ಟಪಾಲು ವಿಮಾನಗಳು ಇಳಿಯುತ್ತಿದ್ದ ಜಾಗದಲ್ಲಿ, ಪ್ರಯಾಣಿಕರು ತಂಗುತ್ತಿದ್ದ ಕೋಟೆಯಂಥ ಮನೆಯೊಂದರಲ್ಲಿ ಅಡುಗೆ ಕೆಲಸ. ಬಾಯಮ್ಮನಿಗೆ ಮೂರು ವರ್ಷವಾಗಿದ್ದಾಗ ಊರಿಗೆ ಅವರದೊಂದು ಪತ್ರ ಬಂತು. ಹಿಂದೆಯೇ, ಆ ಪತ್ರ ತರುತ್ತಿದ್ದ ವಿಮಾನ ದಾರಿಯಲ್ಲಿ ಸಮುದ್ರಕ್ಕೆ ಬಿದ್ದಿತ್ತಂತೆ, ಪತ್ರ ನೀರಿನಿಂದ ಎತ್ತಿದ್ದಂತೆ ಎಂಬ ಸುದ್ದಿಯೂ ಬಂತು. ಅಪ್ಪ ಬರಲೇ ಇಲ್ಲ; ಅವರೂ ಅದರಲ್ಲೇ ಇದ್ದರೆಂದು ಮನೆಯವರು ನಂಬಿದರು.

ಪತ್ರ ಬಾಯಮ್ಮನ ಪ್ರಾರ್ಥನಾ ಪುಸ್ತಕದೊಳಗೇ ಇತ್ತು. ಕನ್ನಡ ಲಿಪಿಯಲ್ಲಿ ಪೆನ್ಸಿಲಿನಿಂದ ಬರೆದ ಕೊಂಕಣಿ. ಅಂಕಲ್ ಓದಿ ಅರ್ಥ ಹೇಳಿದರು: "ಸಾಹೇಬರು ರಜೆಗೆ ಹೊರಟಿದ್ದಾರೆ. ಜಾಗ ಸಿಕ್ಕಿದರೆ ಈ ಟಪಾಲು ಹೋಗುವ ವಿಮಾನದಲ್ಲೇ ನನ್ನನ್ನೂ ಕರಾಚಿವರೆಗೆ ಕರೆದುಕೊಂಡು ಹೋಗ್ತಾರಂತೆ. ಸಿಗದಿದ್ದರೆ ಹಡಗಿನಲ್ಲಿ ಬರ್ತೇನೆ. ಮಗುವಿಗೆ ಎಂತ ತರಲಿ?"

ಲಕೋಟೆಯನ್ನು ಕೈಗೆ ತೆಗೆದುಕೊಂಡೆ. ಕಂದು ಕಲೆಗಳು, ಹಿಂದೆ ಒಂದು ನೇರಳೆ ಬಣ್ಣದ ಮಚ್ಚೆ. ಅಂಚೆಚೀಟಿ ಇರಲಿಲ್ಲ. ಕಚೇರಿಯಲ್ಲಿ ಸುಳ್ಳು ಕ್ಲೇಮು ಸಿಕ್ಕಾಗ ಆಗುವಂಥ ಖುಷಿಯೇ ಆಯಿತು ನನಗೆ.

"ಅಂಕಲ್, ಸ್ಟಾಂಪೇ ಇಲ್ಲ! ಇದು ಟಪಾಲಿನಲ್ಲಿ ಬಂದದ್ದೇ ಅಲ್ಲ. ಯಾರೋ ಹಡಗಿನವರು ಕೈಯಲ್ಲಿ ತಂದು ಕೊಟ್ಟಿರಬೇಕು."

"ಮತ್ತೆ ಈ ನೀರಿನ ಕಲೆ?"

"ನಮ್ಮ ಊರಿನ ಮಳೆಗೆ ಕಲೆಯಾಗದ ಕಾಗದ ಯಾವುದುಂಟು? ಮತ್ತೆ, ಆಗಿನ ವಿಮಾನದಲ್ಲಿ ಹತ್ತಿಪ್ಪತ್ತು ಸೀಟು. ದೊಡ್ಡ ಸಾಹೇಬರು ಕೂರುವ ಜಾಗದಲ್ಲಿ ಅಡುಗೆಯವರನ್ನು ಕೂರಿಸ್ತಾರಾ? ಅದೂ ಬಿಡಿ. ಇವರು ವಿಮಾನ ಹತ್ತಿದ್ದನ್ನು ನೋಡಿದವರು ಯಾರು? ಪತ್ರವೂ ಅದರಲ್ಲಿರಲಿಲ್ಲ, ಅವರೂ ಇರಲಿಲ್ಲ."

"ಹಾಗಾದ್ರೆ ಅಜ್ಜ ಎಲ್ಲಿ ಹೋದರು ಮಾರಾಯ್ತಿ?"

"ಅದು ಬೇರೆ ಪ್ರಶ್ನೆ" ಎಂದೆ. ಚರ್ಚೆಯಲ್ಲಿ ಉತ್ತರ ಗೊತ್ತಿಲ್ಲದಾಗ ನಾವು ಹೇಳುತ್ತಿದ್ದದ್ದು ಅದನ್ನೇ.

ಬಾಯಮ್ಮನ ಬ್ಲೇಡು ನಿಂತಿತ್ತು. "ಇನ್ನೊಂದು ಸಲ ಹೇಳು ಮಗಾ, ಮೆಲ್ಲ" ಎಂದರು. ಇನ್ನೊಂದು ಸಲ ಹೇಳಿದೆ, ಮೊದಲಿಗಿಂತ ಚೆನ್ನಾಗಿಯೇ. ಅವರು ಪತ್ರವನ್ನು ಪುಸ್ತಕದೊಳಗಿಟ್ಟು ಮತ್ತೆ ಹೊಲಿಗೆ ಬಿಚ್ಚತೊಡಗಿದರು.

ಹತ್ತು ದಿನಗಳ ನಂತರ ಅಂಕಲ್ ಫೋನ್ ಮಾಡಿದರು. ಹಲೋ ಕೂಡ ಇಲ್ಲ. "ನೀನು ಎಂತ ಮಾಡಿಟ್ಟು ಹೋದದ್ದು ಮಾರಾಯ್ತಿ?"

ನವೆಂಬರ್ ಬಂದರೆ ಕ್ಯಾಥೊಲಿಕರಾದ ಅವರಲ್ಲಿ ಮನೆಯ ತೀರಿಹೋದವರ ಹೆಸರನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಲಕೋಟೆಗೆ ಹಾಕಿ ಇಗರ್ಜಿಗೆ, ಅಂದರೆ ಚರ್ಚಿಗೆ, ಕೊಡುತ್ತಾರಂತೆ. ಇಡೀ ತಿಂಗಳು ಅವರಿಗಾಗಿ ಪ್ರಾರ್ಥನೆ ನಡೆಯುತ್ತದೆ. ಮನೆಯ ಪಟ್ಟಿ ಬರೆಯುವವರು ಬಾಯಮ್ಮ. ಪ್ರತಿ ವರ್ಷ ಅವರ ಅಪ್ಪನ ಹೆಸರೇ ಮೊದಲು. ಈ ಸಲ ಅದನ್ನು ಬರೆದಿರಲಿಲ್ಲ. "ಬದುಕಿದ್ದಾಗಲೇ ನಾವು ಸತ್ತವರ ಸಾಲಿಗೆ ಸೇರಿಸಿಬಿಟ್ಟಿದ್ದೆವಲ್ಲ, ಪಾಪ" ಎಂದರಂತೆ.

"ಅಜ್ಜ ಈಗ ಇದ್ದರೆ ನೂರಹದಿನೈದು ವರ್ಷ ಆಗ್ತದೆ ಅಂಕಲ್!"

"ಅದನ್ನು ನಾನು ಹೇಳಿಲ್ವಾ? ಲೆಕ್ಕ ಬೇಡ, ಆ ಹುಡುಗಿ ಹೇಳಿದ್ದಾಳೆ ಅಂತಾಳೆ. ಕೇಳು. ಅಜ್ಜ ಸಮುದ್ರಕ್ಕೆ ಬೀಳಲಿಲ್ಲ ಅಂದ್ರೆ ಎಂತ ಅರ್ಥ? ಹೆಂಡತಿ, ಮಗು ಬಿಟ್ಟು ಎಲ್ಲಿಗೋ ಹೋದ ಅಂತ ಅಲ್ವಾ? ಊರಲ್ಲಿ ಹಾಗೆ ಹೇಳುವವರು ಆಗಲೂ ಇದ್ದರು. ನನ್ನ ಅಜ್ಜಿ ಸಾಯುವವರೆಗೂ ವಿಧವೆಯ ಕಪ್ಪು ಸೀರೆ ಬಿಡಲಿಲ್ಲ. ಅವಳು ಪ್ರಾರ್ಥನೆ ಮಾಡಿದ್ದು ಯಾರಿಗೆ? ಓಡಿಹೋದವನಿಗಾ? ನೀನೇ ಬಂದು ಸರಿ ಮಾಡು. ಖಲಾಸ್."

ನನಗೆ ಸಿಟ್ಟು ಬಂತು. ನಾನು ತಪ್ಪು ಹೇಳಿದ್ದರೆ ತಾನೇ ಸರಿಮಾಡುವುದು? ನಾನು ಹೇಳಿದ್ದೇ ಸರಿ ಎಂದು ತೋರಿಸಿಕೊಡಲೆಂದೇ ಅಂಕಲ್‌ರಿಂದ ಪತ್ರವನ್ನು ತೆಗೆದುಕೊಂಡು, ಮುಂದಿನ ಶನಿವಾರ ಅಬುಧಾಬಿಯ ಬಸ್ಸು ಹತ್ತಿದೆ. ಅಲ್ಲಿ ಹಳೆಯ ಅಂಚೆಚೀಟಿ, ಲಕೋಟೆಗಳನ್ನು ಸಂಗ್ರಹಿಸುವ ಕುರಿಯನ್ ಎಂಬ ನಿವೃತ್ತ ಇಂಜಿನಿಯರ್ ಒಬ್ಬರಿದ್ದಾರೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು.

ಕುರಿಯನ್ ಸರ್ ಪತ್ರವನ್ನು ಬರಿಗೈಯಲ್ಲಿ ಮುಟ್ಟಲಿಲ್ಲ. ಚಿಮುಟದಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಸ್ಟಾಂಪ್ ಇಲ್ಲ ಸರ್" ಎಂದೆ, ವಕೀಲಳ ಹಾಗೆ.

"ಇರುವುದು ಹೇಗಮ್ಮಾ? ಟಪಾಲಿನ ಚೀಲ ನೀರಲ್ಲಿ ನೆನೆದರೆ ಗೋಂದು ಕರಗುವುದಿಲ್ಲವಾ?"

ಅವರು ಒಂದು ಆಲ್ಬಮ್ ತೆಗೆದರು. ಪುಟಪುಟಕ್ಕೂ ಬಿದ್ದ ವಿಮಾನಗಳ ಪತ್ರಗಳು. ಅಂಚು ಸುಟ್ಟವು, ಎಣ್ಣೆ ಕುಡಿದವು, ನೀರಲ್ಲಿ ಬೆಂಡಾದವು. ವಿಮಾನ ಬಿದ್ದರೂ ಅಂಚೆಯವರು ಕೈಬಿಡುತ್ತಿರಲಿಲ್ಲವಂತೆ. ಸಿಕ್ಕಿದ ಪತ್ರಗಳನ್ನು ಒಣಗಿಸಿ, ಹೀಗೆ ಯಾಕಾಯಿತೆಂದು ಒಂದು ರಬ್ಬರ್ ಮುದ್ರೆ ಒತ್ತಿ, ವಿಳಾಸಕ್ಕೆ ಮುಟ್ಟಿಸುತ್ತಿದ್ದರಂತೆ. ನಮ್ಮ ಲಕೋಟೆಯ ನೇರಳೆ ಮಚ್ಚೆಯ ಮೇಲೆ ಅವರು ದೀಪದ ಭೂತಗನ್ನಡಿ ಹಿಡಿದರು. ಅರ್ಧ ಅಳಿಸಿದ ಇಂಗ್ಲಿಷ್ ಅಕ್ಷರಗಳು ಕಾಣಿಸಿದವು. 'ಸಮುದ್ರದ ನೀರಿನಿಂದ' ಎಂಬಷ್ಟನ್ನು ನಾನೇ ಓದಿದೆ.

ಅಂದರೆ ಯಾವುದನ್ನು ಸುಳ್ಳಿನ ಗುರುತು ಎಂದಿದ್ದೆನೋ ಅದೇ ನಿಜದ ಗುರುತು.

"ಹಾಗಾದರೆ ಅವರೂ ಅದೇ ವಿಮಾನದಲ್ಲಿದ್ದರು ಅಂತಲೇ ಅಲ್ಲವಾ ಸರ್?"

"ಅದು ಹೇಗೆ ಹೇಳುತ್ತೀ? ಪತ್ರದಲ್ಲಿ ತಾರೀಖು ಅಳಿಸಿದೆ. ಯಾವ ವಿಮಾನ ಅಂತಲೇ ಗೊತ್ತಿಲ್ಲ. ಗೊತ್ತಾದರೂ ಪೇಪರಿನಲ್ಲಿ ಸಾಹೇಬರ ಹೆಸರು ಹಾಕಿರುತ್ತಾರೆ, ಅಡುಗೆಯವನದ್ದು ಯಾರು ಹಾಕುತ್ತಾರೆ? ಇನ್ನೊಂದು ಮಾತು. ಆ ಕಾಲದಲ್ಲಿ ಟಪಾಲು ಮೊದಲು, ಮನುಷ್ಯರು ಆಮೇಲೆ. ಚೀಲದ ಭಾರ ಹೆಚ್ಚಾದರೆ ಪ್ರಯಾಣಿಕರನ್ನೇ ಇಳಿಸುತ್ತಿದ್ದರು."

ವಾಪಸು ಬರುವಾಗ ಬಸ್ಸಿನಲ್ಲಿ ತಲೆ ಗಿರ್ರೆನ್ನುತ್ತಿತ್ತು. ಪತ್ರ ಬಿದ್ದದ್ದು ನಿಜ. ಬರೆದವರು ಬಿದ್ದರೋ ಇಲ್ಲವೋ? ಪತ್ರಕ್ಕೆ ಜಾಗ ಮಾಡಿಕೊಟ್ಟು ಉಳಿದುಕೊಂಡರೋ? ಉಳಿದಿದ್ದರೆ ಮತ್ತೆ ಯಾಕೆ ಬರಲಿಲ್ಲ? ಚರ್ಚಾಸ್ಪರ್ಧೆಯಲ್ಲಿ ಪರ ವಾದಿಸಲು ಹೇಳಿದರೆ ಪರ, ವಿರೋಧ ಎಂದರೆ ವಿರೋಧ ವಾದಿಸಿ ರೂಢಿಯಿದ್ದವಳು ನಾನು. ಯಾವುದು ನಿಜವೆಂದು ತೀರ್ಮಾನಿಸುವ ಕೆಲಸ ಅಲ್ಲಿ ಬೇರೆಯವರದಾಗಿತ್ತು.

ಸೀದಾ ಸತ್ವಾಕ್ಕೆ ಹೋದೆ. ಅಂಗಡಿಯ ಹಿಂದಿನ ಹಳೇ ವಿಲ್ಲಾದಲ್ಲಿ ಅವರ ಕೋಣೆ. ಬಾಯಮ್ಮ ಬಂಗುಡೆ ಸಾರು ಮಾಡಿದ್ದರು. ಅವರು ಅಷ್ಟು ಹಗುರಾಗಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. "ಬಾ ಮಗಾ, ಊಟ ಮಾಡು. ಗೊತ್ತುಂಟಾ, ನಾನು ಇನ್ನು ಹೋಗುವಾಗ ಕಿಟಕಿ ಸೀಟು ಬೇಡ ಅಂತ ಇವನಿಗೆ ಹೇಳಿದ್ದೇನೆ. ಕೆಳಗೆ ನೋಡುವ ಕೆಲಸ ಇಲ್ಲವಲ್ಲ."

ಸುಮ್ಮನಿದ್ದುಬಿಡಬಹುದಿತ್ತು. ಅಂಕಲ್ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

"ಬಾಯಮ್ಮ, ನಾನು ತಪ್ಪು ಹೇಳಿದ್ದೆ" ಎಂದೆ. ಗೋಂದು, ಮುದ್ರೆ ಎಲ್ಲ ಹೇಳಿದೆ. ಪತ್ರ ಆ ವಿಮಾನದಲ್ಲೇ ಇತ್ತು, ಸಮುದ್ರಕ್ಕೇ ಬಿದ್ದಿತ್ತು ಎಂದೆ.

ಅವರು ಸಾರಿನ ಸೌಟನ್ನು ಕೆಳಗಿಟ್ಟರು.

"ಕಾಗದ ಬಿದ್ದದ್ದು."

"ಹೌದು."

"ನನ್ನ ಪಪ್ಪ ಬಿದ್ದದ್ದನ್ನು ನೋಡಿದವರು ಯಾರು?"

ಅದು ನನ್ನದೇ ಪ್ರಶ್ನೆ. ಕುರಿಯನ್ ಸರ್ ಹೇಳಿದ ಚೀಲದ ಭಾರದ ಮಾತನ್ನೂ ಹೇಳಬೇಕಾಯಿತು. ಮುಚ್ಚಿಟ್ಟರೆ ಅದು ಮೋಸ. "ಇದನ್ನು ಹೇಳಲಿಕ್ಕೆ ಅಬುಧಾಬಿಗೆ ಹೋಗ್ಬೇಕಿತ್ತಾ?" ಎಂದು ಅಂಕಲ್ ತಲೆಯ ಮೇಲೆ ಕೈ ಹೊತ್ತರು.

ಬಾಯಮ್ಮ ಗೋಡೆಯ ಕ್ಯಾಲೆಂಡರಿನ ಹಿಂದಿನಿಂದ ಆ ಪಟ್ಟಿಯನ್ನು ತೆಗೆದರು. ಅಂದವಾದ ಅಕ್ಷರದಲ್ಲಿ ಐದು ಹೆಸರು. ಮೊದಲ ಸಾಲು ಖಾಲಿ. ಪೆನ್ನನ್ನು ನನ್ನ ಕೈಗೆ ಕೊಟ್ಟರು.

"ನೀನು ಕಲಿತವಳು. ಎರಡೂ ಕಡೆ ನೋಡಿದ್ದೀ. ಪಪ್ಪನ ಹೆಸರು ಪೆದ್ರು. ಬರೆಯಬೇಕು ಅಂತ ಕಂಡರೆ ಬರಿ. ನಾನು ಬೇಡ ಅನ್ನುವುದಿಲ್ಲ."

ಇಗರ್ಜಿಯನ್ನಾಗಲಿ ದೇವಸ್ಥಾನವನ್ನಾಗಲಿ ನಂಬದವಳಿಗೆ ಒಂದು ಹೆಸರು ಬರೆಯುವುದೇನು ದೊಡ್ಡದು? ಬರೆದರೆ ಅಂಕಲ್‌ರ ಅಜ್ಜಿಯ ಕಪ್ಪು ಸೀರೆಗೆ ಅರ್ಥ ಉಳಿಯುತ್ತಿತ್ತು. ಬಿಟ್ಟರೆ ಬಾಯಮ್ಮ ಸಮುದ್ರ ನೋಡದೆ ಊರು ಸೇರುತ್ತಿದ್ದರು. ಪೆನ್ನನ್ನು ಹಾಳೆಗೆ ಊರಿದೆ. ಒಂದು ಚುಕ್ಕಿ ಬಿತ್ತು. ಕೈ ಮುಂದಕ್ಕೆ ಹೋಗಲಿಲ್ಲ.

"ನನಗೆ ಗೊತ್ತಾಗ್ತಾ ಇಲ್ಲ ಬಾಯಮ್ಮ" ಎಂದೆ.

"ನನಗೆ ಮಾತ್ರ ಗೊತ್ತುಂಟಾ?" ಎಂದು ಅವರು ಹಾಳೆಯನ್ನು ಮಡಚಿ ಲಕೋಟೆಗೆ ಹಾಕಿ ಮಗನಿಗೆ ಕೊಟ್ಟರು. ಅಂಕಲ್ ತೆರೆದು ನೋಡಲಿಲ್ಲ. ಬಾಯಮ್ಮ ನನಗೆ ಊಟ ಬಡಿಸಿದರು.

ಡಿಸೆಂಬರಿನಲ್ಲಿ ಬಾಯಮ್ಮ ಊರಿಗೆ ಹೋದರು. ಏರ್‌ಪೋರ್ಟಿಗೆ ಅವರನ್ನು ಬಿಟ್ಟುಬಂದ ಅಂಕಲ್‌ರನ್ನು, ಅಮ್ಮನಿಗೆ ಯಾವ ಸೀಟು ಸಿಕ್ಕಿತೆಂದು ಕೇಳಿದೆ. "ಕಿಟಕಿಯದ್ದೇ" ಎಂದರು. "ಅವಳೇ ಕೇಳಿ ತೆಗೆದುಕೊಂಡದ್ದು."