ಒಂದು ಪಾತ್ರೆ ಗುಡ್ಡೆಯ ಕಾಸಿಲ್ದಾ

ಬೆಟ್ಟದೆತ್ತರದ ಊರು ಪೊತೊಸಿಯ ಸಂತೆಯಲ್ಲಿ ಬಾಳೆಹಣ್ಣಿನವರ ಸಾಲು ಮುಗಿದು ಆಲೂಗಡ್ಡೆಯವರ ಸಾಲು ಶುರುವಾಗುವ ಮೂಲೆಯಲ್ಲಿ ಕಾಸಿಲ್ದಾ ಕೂರುತ್ತಿದ್ದಳು. ನೆಲಕ್ಕೆ ಹಾಸಿದ ಪಟ್ಟೆಪಟ್ಟೆ ಕಂಬಳಿ, ಅದರ ಮೇಲೆ ಪುಟ್ಟ ಪುಟ್ಟ ಗುಡ್ಡೆಗಳು. ಇಷ್ಟೇ ಅವಳ ಅಂಗಡಿ. ಬೇರೆಯವರು ಆಲೂಗಡ್ಡೆಯನ್ನು ಚೀಲಗಟ್ಟಲೆ ತೂಗಿ ಕೊಟ್ಟರೆ ಇವಳದು ಒಂದು ಪಾತ್ರೆಗೆ ಆಗುವಷ್ಟು ಮಾತ್ರ. ಮೂರು ಆಲೂಗಡ್ಡೆ, ಅರ್ಧ ಕ್ಯಾರೆಟ್ಟು, ಒಂದು ಚೂರು ಕುಂಬಳ, ಒಂದು ಈರುಳ್ಳಿ, ಒಂದು ಹಿಡಿ ದಪ್ಪ ಅವರೆಕಾಳು, ಮೇಲೆ ಎರಡು ಎಸಳು ಸೊಪ್ಪು. ಓದಲಿಕ್ಕೆಂದು ಊರಿಗೆ ಬಂದು, ಬಾಡಿಗೆ ಕೋಣೆಯ ಮೂಲೆಯಲ್ಲಿ ಒಂಟಿ ಒಲೆ ಇಟ್ಟುಕೊಂಡ ಹುಡುಗ ಹುಡುಗಿಯರಿಗೆ ಚೀಲ ಕೊಂಡರೆ ಇಡಲು ಜಾಗವಿಲ್ಲ, ಕೊಳ್ಳಲು ಕೈಯಲ್ಲಿ ಏನೂ ಇಲ್ಲ. ಅವರೆಲ್ಲ ಇವಳ ಗುಡ್ಡೆಗೇ ಬರುತ್ತಿದ್ದರು.

ಪಕ್ಕದಲ್ಲಿ ಈರುಳ್ಳಿ, ಶೇಂಗಾ ಮಾರುವ ಹುಸ್ತಾಗೆ ಇದನ್ನು ಕಂಡರೆ ನಗು.

"ಏನೇ ಕಾಸಿಲ್ದಾ, ಅರ್ಧ ಕ್ಯಾರೆಟ್ಟು ಮಾರ್ತೀಯಲ್ಲ, ಉಳಿದರ್ಧ ವಿಧವೆ ಆಗಿ ಕೂತ್ಕೋಬೇಕೇನು?"

"ಅದಕ್ಕೂ ಗಂಡು ನೋಡಿದೀನಿ ಕಣೇ. ಆ ಪಕ್ಕದ ಗುಡ್ಡೇಲಿದಾನೆ."

ನಮ್ಮ ಸಂತೆಯಲ್ಲಿ ಮಾರುವವಳು ಕೊಳ್ಳುವವಳನ್ನು 'ಕಸೇರಾ' ಎನ್ನುತ್ತಾಳೆ, ಕೊಳ್ಳುವವಳೂ ಮಾರುವವಳನ್ನು 'ಕಸೇರಾ' ಎನ್ನುತ್ತಾಳೆ. ಒಮ್ಮೆ ಹಾಗೆ ಕರೆದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಬಿಡುವ ಹಾಗಿಲ್ಲ. ಅವಳು ಬೇರೆ ಕಡೆ ಕೊಳ್ಳಬಾರದು, ಇವಳು ಕೊಸರು ಹಾಕದೆ ಕಳಿಸಬಾರದು. ಕಾಸಿಲ್ದಾ ಮಾತ್ರ ಎರಡು ಕೊಸರು ಹಾಕುತ್ತಿದ್ದಳು. ಒಂದು ಚೀಲದೊಳಗೆ ಬೀಳುವುದು, ಇನ್ನೊಂದು ಕಿವಿಯೊಳಗೆ. "ಇದನ್ನ ಹೇಗೆ ಬೇಯಿಸೋದು ಕಸೇರಾ?" ಎಂದು ಯಾರಾದರೂ ಕೇಳಿದರೆ ಹೇಳಿಕೊಡದೆ ಕಳಿಸಿದವಳಲ್ಲ.

ಆದರೆ ಕಾಸಿಲ್ದಾಗೆ ಅಡುಗೆಯೇ ಬರುತ್ತಿರಲಿಲ್ಲ.

ಅವರಮ್ಮ ಹೆಣ್ಣುಮಕ್ಕಳಿಬ್ಬರಿಗೂ ಚಿಕ್ಕಂದಿನಲ್ಲೇ ಕೆಲಸ ಹಂಚಿಬಿಟ್ಟಿದ್ದಳು. ದೊಡ್ಡವಳು ಪ್ಲಾಸಿದಾ ಒಲೆಗೆ, ಚಿಕ್ಕವಳು ಸಂತೆಗೆ. ಹಾಗಾಗಿ ಅರವತ್ತು ದಾಟಿದರೂ ಕಾಸಿಲ್ದಾ ಸೌಟು ಹಿಡಿದವಳಲ್ಲ. ಕಟ್ಟಿಕೊಂಡ ಗಂಡನೂ ಅಕ್ಕನ ಕೈಯಡುಗೆ ಉಂಡು, ಅದನ್ನೇ ಹೊಗಳುತ್ತ ತೀರಿಕೊಂಡ. ಪ್ಲಾಸಿದಾ ಸಂತೆಯಲ್ಲೇ, ಕಾಸಿಲ್ದಾಳ ಬೆನ್ನ ಹಿಂದಿನ ಹಲಗೆಯ ಆಚೆ, ಸೂಪಿನ ಅಂಗಡಿ ಇಟ್ಟಿದ್ದಳು. ಯಾರಾದರೂ ಕೇಳಿದಾಗ ಕಾಸಿಲ್ದಾ ಕೊರಳು ತಿರುಗಿಸಿ, "ಅಕ್ಕಾ, ಮಸೂರಕ್ಕೆ ಉಪ್ಪು ಯಾವಾಗ?" ಎನ್ನುವಳು. ಹಲಗೆಯ ಆಚೆಯಿಂದ, "ಬೆಂದ ಮೇಲೆ! ಮೊದಲೇ ಹಾಕಿದ್ರೆ ಕಲ್ಲು!" ಎಂದು ಬರುವುದು. "ಬೆಂದ ಮೇಲೆ ಕಣಮ್ಮಾ, ಮೊದಲೇ ಹಾಕಿದ್ರೆ ಕಲ್ಲಾಗುತ್ತೆ," ಎಂದು ಇವಳು ತನ್ನದೇ ಮಾತಿನಂತೆ ದಾಟಿಸುವಳು.

ಆ ವರ್ಷ ಕಾರ್ನಿವಲ್ ಹಬ್ಬ ಮುಗಿದ ಮೇಲೆ ಪ್ಲಾಸಿದಾಳ ಮಂಡಿ ಕೈಕೊಟ್ಟಿತು. ಈ ಚಳಿಯಲ್ಲಿ ಇನ್ನು ನಿಲ್ಲಲಾಗದು ಎಂದು ಮಗಳು ಅವಳನ್ನು ಬೆಚ್ಚಗಿನ ತಾರಿಹಾ ಊರಿಗೆ ಕರೆದಳು. ಬಸ್ಸಿನ ಕಿಟಕಿಯಿಂದ ಪ್ಲಾಸಿದಾ ತಂಗಿಗೆ ಬೆರಳು ತೋರಿಸಿದಳು.

"ನೋಡೇ, ಸತ್ತವರ ಹಬ್ಬಕ್ಕೆ ಬರ್ತೀನಿ. ಅಮ್ಮನ ಎಡೆಗೆ ಶೇಂಗಾ ಸೂಪು ಈ ಸಲ ನೀನೇ ಮಾಡಬೇಕು. ಬಾಯಿಗೆ ಇಡೋ ಹಾಗಿದ್ರೆ ಇಲ್ಲೇ ಇರು. ಇಲ್ದಿದ್ರೆ ನಿನ್ನ ಕಂಬಳಿ ಸುತ್ತಿ, ನಿನ್ನನ್ನೂ ಅದರೊಳಗೆ ಸುತ್ತಿ ತಾರಿಹಾಗೆ ಹೊತ್ಕೊಂಡು ಹೋಗ್ತೀನಿ. ಬ್ರೆಡ್ಡು ತಿಂದ್ಕೊಂಡು ಟೀ ಕುಡ್ಕೊಂಡು ಒಬ್ಬಳೇ ಒಣಗೋದನ್ನ ನಾನು ನೋಡಲ್ಲ."

ಕಾಸಿಲ್ದಾ ನಕ್ಕು ಕೈಬೀಸಿದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ನಗು ನಿಂತಿತು. ಅಕ್ಕ ಹೇಳಿದ್ದನ್ನು ಮಾಡುವವಳು. ತಾರಿಹಾದ ಮನೆಯ ಜಗಲಿ ಚೆನ್ನಾಗಿರಬಹುದು, ಬಿಸಿಲೂ ಬೀಳಬಹುದು. ಆದರೆ ಅಲ್ಲಿ ಅವಳನ್ನು ಕಸೇರಾ ಎಂದು ಕರೆಯುವವರು ಯಾರು? ಮಾತಿಲ್ಲದೆ, ಗಿರಾಕಿಯಿಲ್ಲದೆ ಕೂತು ಕೋಳಿ ನೋಡುವುದೇ?

ಅದೇ ಹೊತ್ತಿಗೆ ಜುಲ್ಮಾ ಬಂದಳು. ಕಾಡು, ನದಿ, ಸೆಕೆಯ ಕೆಳನಾಡಿನ ಹುಡುಗಿ. ಗಣಿಶಾಸ್ತ್ರ ಓದಲು ಬಂದಿದ್ದಳು. ಎರಡು ಸ್ವೆಟರಿನ ಮೇಲೆ ಇನ್ನೊಂದು ಹಾಕಿಕೊಂಡು, ಆದರೂ ನಡುಗುತ್ತ, ಒಂದು ಗುಡ್ಡೆ ಕೊಂಡಳು. ಕಾಸಿಲ್ದಾ ಕೊಸರಿಗೆ ಒಂದು ಹಿಡಿ ಚುನ್ಯೊ ಹಾಕಿದಳು. ಮಾರನೆಯ ದಿನ ಹುಡುಗಿ ಸಂಕೋಚಪಡುತ್ತ ಬಂದು ಕಂಬಳಿಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತಳು.

"ಕಸೇರಾ, ಬೇಜಾರು ಮಾಡ್ಕೋಬೇಡಿ. ನಿನ್ನೆ ನೀವು ಹಾಕಿದ ಕೊಸರು ಇತ್ತಲ್ಲ, ಪೂರ್ತಿ ಕೊಳೆತುಹೋಗಿತ್ತು. ಕರ್ರಗಾಗಿ, ಒಣಗಿ, ಕಲ್ಲಾಗಿತ್ತು. ಬೇರೆ ಯಾರಿಗಾದ್ರೂ ಕೊಟ್ಟು ಬೈಸ್ಕೊಂಡೀರಿ ಅಂತ ಹೇಳೋಕೆ ಬಂದೆ. ನಾನೇ ಕಸಕ್ಕೆ ಹಾಕಿದೆ."

ಹುಸ್ತಾ ಈರುಳ್ಳಿ ರಾಶಿಯ ಮೇಲೆಯೇ ಒರಗಿ ನಕ್ಕಳು. "ಚುನ್ಯೊ ಕೊಳೆತಿತ್ತಂತೆ! ಅಯ್ಯೋ ತಾಯಿ, ಕೊಳೀಬಾರದು ಅಂತಲೇ ಕಣೇ ಆಲೂಗಡ್ಡೆನ ಹಿಮದಲ್ಲಿ ಹಾಕಿ, ತುಳಿದು, ಒಣಗಿಸೋದು! ನಿಮ್ಮಜ್ಜಿ ತೊಟ್ಟಿಲಲ್ಲಿದ್ದಾಗ ಒಣಗಿಸಿದ್ದು ಈಗ್ಲೂ ಬೇಯುತ್ತೆ!"

ಸಾಲಿಗೆ ಸಾಲೇ ನಕ್ಕಿತು. ಹುಡುಗಿಯ ಕಿವಿ ಕೆಂಪಾಯಿತು. ಕಾಸಿಲ್ದಾ ಇನ್ನೊಂದು ಹಿಡಿ ಚುನ್ಯೊ ಅವಳ ಚೀಲಕ್ಕೆ ಸುರಿದಳು. "ನಗಲಿ ಬಿಡು ಮಗಾ, ಪುಕ್ಕಟೆ ಅಲ್ವಾ. ರಾತ್ರಿ ನೆನೆಹಾಕು, ಬೆಳಗ್ಗೆ ಬೇಯಿಸು, ಒಂದು ಮೊಟ್ಟೆ ಒಡೆದು ಹಾಕಿ ಕೆದಕು. ಆಮೇಲೆ ಬಂದು ಹೇಳು."

ಜುಲ್ಮಾ ಬಂದು ಹೇಳಿದಳು. ಬೇವು ತಿಂದ ಮುಖ.

"ಕಹಿ ಕಸೇರಾ. ಮೊಟ್ಟೇನೂ ಹಾಳಾಯ್ತು."

ಕಾಸಿಲ್ದಾಳ ಕೊರಳು ರೂಢಿಯಂತೆ ಹಿಂದಕ್ಕೆ ತಿರುಗಿತು. ಹಲಗೆಯ ಆಚೆ ಈಗ ಯಾರೋ ಬೂಟು ಮಾರುತ್ತಿದ್ದರು. ಅಷ್ಟರಲ್ಲಿ ಗುಡ್ಡೆ ಆರಿಸುತ್ತಿದ್ದ ನರ್ಸಿಂಗ್ ಓದುವ ಹುಡುಗಿಯೊಬ್ಬಳು, "ನೆನೆದ ಮೇಲೆ ಹಿಂಡಬೇಕು ಕಣೇ, ನೀರು ಬದಲಾಯಿಸಿ ಮತ್ತೆ ಹಿಂಡಬೇಕು," ಎಂದಳು.

"ಮತ್ತೆ? ಹಿಂಡದೆ ಯಾರಾದ್ರೂ ಬೇಯಿಸ್ತಾರಾ? ನಾನು ಹೇಳ್ಲಿಲ್ವಾ?" ಎಂದಳು ಕಾಸಿಲ್ದಾ.

"ಇಲ್ಲ."

"ಹಾಗಾದ್ರೆ ಬಾಯಿ ತಪ್ಪಿತು."

ಅವತ್ತಿನಿಂದ ಅವಳಿಗೊಂದು ದಾರಿ ಸಿಕ್ಕಿತು. ಬಂದವರನ್ನೆಲ್ಲ, "ನಿನ್ನೆ ಪಾತ್ರೇಲಿ ಏನಾಯ್ತು?" ಎಂದು ಕೇಳುವುದು. ಕಾನೂನು ಓದುವ ಹುಡುಗನ ಅನ್ನ ಮುಚ್ಚಳ ಕುಣಿಯುವಷ್ಟು ಕುದಿದರೂ ಕಾಳುಕಾಳಾಗೇ ಉಳಿದಿತ್ತು. ಇಷ್ಟೆತ್ತರದ ಊರಿನ ನೀರು ಹಾಗೆಯೇ. ಕುದಿಯುವ ಸದ್ದು ಜಾಸ್ತಿ, ಬೇಯಿಸುವ ಕೆಲಸ ಕಮ್ಮಿ. ಅಕ್ಕಿಯನ್ನು ಮೊದಲು ಎಣ್ಣೆಯಲ್ಲಿ ಹುರಿದು, ಆಮೇಲೆ ಬಿಸಿನೀರನ್ನು ಧಾರಾಳವಾಗಿ ಹಾಕಿದೆ ಎಂದು ಇನ್ನೊಬ್ಬಳು ಹೇಳಿದ್ದನ್ನು ಕಾಸಿಲ್ದಾ ಅವನಿಗೆ ಹೇಳಿದಳು. ಅವನ ಮೂಳೆ ಸಾರಿನ ಉಪಾಯವನ್ನು ಮತ್ತೊಬ್ಬಳಿಗೆ ಹೇಳಿದಳು. ಹಳೆ ಬ್ರೆಡ್ಡನ್ನು ಈರುಳ್ಳಿ ಸಾರಿನಲ್ಲಿ ಮುಳುಗಿಸಿ ಮೇಲೆ ಮೊಟ್ಟೆ ಒಡೆಯುವುದನ್ನು, ಮ್ಯಾಕರೋನಿಯನ್ನು ಕೆಂಪಗೆ ಹುರಿದು ಸೂಪಿಗೆ ಹಾಕುವುದನ್ನು, ಕಾಳನ್ನು ಹಿಂದಿನ ದಿನವೇ ನೆನೆಸಿ ಗ್ಯಾಸು ಉಳಿಸುವುದನ್ನು ಒಬ್ಬರ ಬಾಯಿಂದ ಇನ್ನೊಬ್ಬರ ಪಾತ್ರೆಗೆ ದಾಟಿಸಿದಳು. ಜುಲ್ಮಾ ಚುನ್ಯೊ ಹಿಂಡುವುದರಲ್ಲಿ ಪಳಗಿದಳು. ಚಳಿಗಾಲ ಕಳೆಯುವುದರೊಳಗೆ ಅವಳ ಕೆನ್ನೆ ತುಂಬಿತು.

ಕಾಸಿಲ್ದಾಳ ಕೆನ್ನೆ ಮಾತ್ರ ಇಳಿಯಿತು. ಮನೆಗೆ ಹೋದರೆ ಒಲೆಯ ಮುಂದೆ ಕೈ ಓಡದು. ತಾನೇ ಹೇಳಿಕೊಟ್ಟದ್ದಾದರೂ ಪಾತ್ರೆ ಎದುರಿಗೆ ಬಂದಾಗ ಯಾವುದು ಮೊದಲು, ಯಾವುದು ಆಮೇಲೆ ಎಂದು ಗಾಬರಿ. ಬ್ರೆಡ್ಡು, ಟೀ, ಮತ್ತೆ ಬ್ರೆಡ್ಡು.

ಒಂದು ಮಧ್ಯಾಹ್ನ ಜುಲ್ಮಾ ಉಪ್ಪು ನೋಡಿಸಲೆಂದು ಬಟ್ಟಲಲ್ಲಿ ಜೋಳದ ಹಿಟ್ಟಿನ ಸೂಪು ತಂದಳು. ಕಾಸಿಲ್ದಾ ಬ್ರೆಡ್ಡನ್ನು ಟೀಯಲ್ಲಿ ಅದ್ದುತ್ತಿದ್ದಳು.

"ಮನೇಲಿ ಇವತ್ತು ಏನಡುಗೆ ಕಸೇರಾ?"

"ಇದೇ, ಜೋಳದ ಹಿಟ್ಟಿಂದು."

"ನಿನ್ನೆ?"

"ನಿನ್ನೇನೂ ಅದೇ. ನಂಗಿಷ್ಟ."

"ನೀವು ಹಿಟ್ಟನ್ನ ಬಿಸಿನೀರಿಗೆ ಹಾಕ್ತೀರೋ, ತಣ್ಣೀರಲ್ಲಿ ಕಲಸಿ ಹಾಕ್ತೀರೋ?"

ಕಾಸಿಲ್ದಾ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಹುಸ್ತಾ ಊಟಕ್ಕೆ ಹೋಗಿದ್ದಳು. "ಬಿಸಿನೀರಿಗೆ."

"ಗಂಟು ಕಟ್ಟಲ್ವಾ?"

"ನಮ್ಮನೆ ಹಿಟ್ಟು ಒಳ್ಳೇದು."

ಜುಲ್ಮಾ ಅವಳ ಮುಖ ನೋಡಿದಳು, ಬ್ರೆಡ್ಡು ನೋಡಿದಳು, ಬಟ್ಟಲು ಕೆಳಗಿಟ್ಟು ಬಿದ್ದು ಬಿದ್ದು ನಕ್ಕಳು. ಕಾಸಿಲ್ದಾಗೂ ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು ಎಲ್ಲವನ್ನೂ ಹೇಳಿದಳು: ಅಕ್ಕ, ಹಲಗೆ, ಶೇಂಗಾ ಸೂಪು, ತಾರಿಹಾ.

"ನಿಮ್ಮ ಮಾತು ಕೇಳ್ಕೊಂಡೇ ನನ್ನ ಲಂಗ ಬಿಗಿಯಾಗಿದೆ," ಎಂದಳು ಜುಲ್ಮಾ. "ಹಬ್ಬಕ್ಕಿನ್ನೂ ದಿನ ಇದೆ. ಭಾನುವಾರ ಮನೇಲಿರಿ, ಬರ್ತೀನಿ. ಶೇಂಗಾ ತಂದಿಡಿ."

"ನಿಂಗೆ ಶೇಂಗಾ ಸೂಪು ಬರುತ್ತಾ?"

"ಇಲ್ಲ. ನಾನಿರೋ ಮನೆ ಮಾಳಿಗೆಯವರನ್ನ ಕೇಳ್ಕೊಂಡು ಬರ್ತೀನಿ. ನೀವು ಮಾಡಲ್ವಾ, ಹಾಗೆ."

ಭಾನುವಾರ ಕಾಸಿಲ್ದಾ ಹುಸ್ತಾಳಲ್ಲಿ ಕೊಂಡ ಶೇಂಗಾವನ್ನು ಅಕ್ಕನ ರುಬ್ಬುಗುಂಡಿನಲ್ಲಿ ಅರೆದು ತಯಾರಾಗಿಟ್ಟಿದ್ದಳು. ಕುದಿಯಲು ಇಟ್ಟರೆ ಸೂಪು ಕೆಂಪಗಾಯಿತು, ಮನೆಯೆಲ್ಲ ಮಿಠಾಯಿ ಅಂಗಡಿಯ ವಾಸನೆ. ಜುಲ್ಮಾ ಸೌಟನ್ನು ಮೂಸಿ ನೋಡಿದಳು.

"ಕಸೇರಾ, ಎಂಥ ಶೇಂಗಾ ತಂದ್ರಿ?"

"ದಿನಾ ತಿನ್ನೋದೇ. ಹುರಿದಿದ್ದು."

"ಸೂಪಿಗೆ ಹಸಿ ಶೇಂಗಾ ಹಾಕಬೇಕಂತೆ!"

ನಲವತ್ತು ವರ್ಷ ಶೇಂಗಾದ ಪಕ್ಕದಲ್ಲೇ ಕೂತವಳಿಗೆ ಅದು ಗೊತ್ತಿರಲಿಲ್ಲ. ಅವಳು ಕಂಡದ್ದೆಲ್ಲ ಬಾಯಿಗೆ ಎಸೆದುಕೊಳ್ಳುವ ಶೇಂಗಾ. ಇಬ್ಬರೂ ಆ ಮಿಠಾಯಿ ಸೂಪನ್ನೇ ಕುಡಿದರು, ಎಸೆಯಲು ಮನಸ್ಸಾಗದೆ.

ಮುಂದಿನ ಭಾನುವಾರ ಹಸಿ ಶೇಂಗಾವನ್ನು ಬಿಸಿನೀರಲ್ಲಿ ನೆನೆಸಿ, ಸಿಪ್ಪೆ ಸುಲಿದು, ಹಾಲಿನಂತೆ ಅರೆದು, ಮೂಳೆ ಸಾರಿಗೆ ಸುರಿದರು. ಬಾಗಿಲಲ್ಲಿ ಯಾರೋ ಕರೆದರೆಂದು ಕಾಸಿಲ್ದಾ ಎದ್ದುಹೋಗಿ ಒಂದು ಮಾತಾಡಿ ಬರುವಷ್ಟರಲ್ಲಿ ಸೂಪು ಉಕ್ಕಿ, ಒಲೆ ಆರಿಸಿ, ನೆಲದ ಮೇಲೆ ಹರಿದಿತ್ತು.

"ಶೇಂಗಾ ಕುದಿಯೋವಾಗ ದೇವರು ಬಾಗಿಲು ತಟ್ಟಿದ್ರೂ ಏಳಬಾರದಂತೆ," ಎಂದಳು ನೆಲ ಒರೆಸುತ್ತ ಜುಲ್ಮಾ.

"ಇದನ್ನ ಮೊದಲೇ ಹೇಳಬೇಕಿತ್ತು."

"ಬಾಯಿ ತಪ್ಪಿತು."

ಆಮೇಲಿನ ಭಾನುವಾರಗಳಲ್ಲಿ ಜುಲ್ಮಾ ಮಂಚದ ಮೇಲೆ ಕಾಲು ಚಾಚಿ ಪಾಠ ಓದುತ್ತ ಕೂತಳು. ಕಾಸಿಲ್ದಾ ಒಬ್ಬಳೇ ಮಾಡಿದಳು. ವಾರದ ನಡುವೆ ಕಾಳು ಬೇಯಿಸಿದಳು, ಅನ್ನ ಮಾಡಿದಳು, ಸೀಯಿಸಿದಳು, ಮತ್ತೆ ಮಾಡಿದಳು. ಸಂತೆಗೆ ಬ್ರೆಡ್ಡಿನ ಬದಲು ಡಬ್ಬಿ ಬರತೊಡಗಿತು. ಹುಸ್ತಾ ಮುಚ್ಚಳ ತೆಗೆದು ನೋಡಿ, "ಯಾರು ಮಾಡಿಕೊಟ್ಟಿದ್ದೇ?" ಎಂದಳು. ಕಾಸಿಲ್ದಾ ಡಬ್ಬಿ ಕಿತ್ತುಕೊಂಡು ಉಂಡಳು.

ಹಬ್ಬದ ದಿನ ಬೆಳಗ್ಗೆ ಪ್ಲಾಸಿದಾ ಕೋಲೂರಿಕೊಂಡು ಬಂದಿಳಿದಳು. ಅಮ್ಮನ ಪಟದ ಮುಂದೆ ಮೇಜಿಗೆ ಬಿಳಿ ಬಟ್ಟೆ ಹಾಸಿತ್ತು. ಬೊಂಬೆ ಆಕಾರದ ಬ್ರೆಡ್ಡುಗಳು, ಹೂವು, ಮೇಣದಬತ್ತಿ ಇದ್ದವು. ಮಧ್ಯಾಹ್ನ ಅಮ್ಮನ ಆತ್ಮ ಬರುವ ಹೊತ್ತಿಗೆ ಸೂಪಿನ ಬಟ್ಟಲು ಅಲ್ಲಿರಬೇಕು. ಪ್ಲಾಸಿದಾ ಕುರ್ಚಿಯನ್ನು ಒಲೆಗೆ ಎದುರಾಗಿ ಹಾಕಿಸಿಕೊಂಡು ಕೂತಳು.

"ಆಲೂಗಡ್ಡೆ ಇಷ್ಟು ದಪ್ಪ ಯಾಕೆ? ಅಮ್ಮನಿಗೆ ಹಲ್ಲು ಬಂದಿದೆ ಅಂತ ಯಾರು ಹೇಳಿದ್ರು?"

"ಕರಗಬಾರದು ಅಂತ ಅಕ್ಕಾ."

"ಹ್ಞುಂ."

ಕಾಸಿಲ್ದಾ ಸೌಟು ಆಡಿಸುತ್ತಲೇ ಇದ್ದಳು. ಶೇಂಗಾ ಹಾಲು ಅಂಚಿಗೆ ಏರುವ ಹೊತ್ತಿಗೆ ಸರಿಯಾಗಿ ಯಾರೋ ಬಾಗಿಲು ದಡದಡ ಬಡಿದರು. ಸಂತೆ ರಜೆ ಎಂದು ಹುಡುಗರು ಮನೆ ಹುಡುಕಿಕೊಂಡು ಬಂದಿದ್ದರು.

"ಕಸೇರಾ! ಅನ್ನ ಕೆಳಗೆ ಸೀದಿದೆ, ಮೇಲೆ ಕಾಳುಕಾಳು! ನೆಂಟರು ಬಂದು ಕೂತಿದಾರೆ!"

ಪ್ಲಾಸಿದಾ ಉತ್ತರಿಸಲು ಬಾಯಿ ತೆರೆದಳು. ಎಷ್ಟೋ ವರ್ಷದ ರೂಢಿ. ಆದರೆ ಕಾಸಿಲ್ದಾ ಕೊರಳು ತಿರುಗಿಸಲಿಲ್ಲ, ಒಲೆ ಬಿಟ್ಟು ಅಲುಗಲೂ ಇಲ್ಲ.

"ಕೆದಕಬೇಡಿ! ಮೇಲಿಂದು ಮಾತ್ರ ಬೇರೆ ಪಾತ್ರೆಗೆ ತೆಗೀರಿ! ಬಿಸಿನೀರು ಚಿಮುಕಿಸಿ, ಒದ್ದೆ ಬಟ್ಟೆ ಹಾಕಿ ಮುಚ್ಚಿ, ಸಣ್ಣ ಉರಿ! ತಣ್ಣೀರು ಹಾಕಿದ್ರೆ ಇತ್ತ ಕಡೆ ಬರಬೇಡಿ!"

ಕಾಲ ಸಪ್ಪಳ ಓಡಿಹೋಯಿತು. ಪ್ಲಾಸಿದಾ ತೆರೆದ ಬಾಯಿ ಮುಚ್ಚಿಕೊಂಡಳು. ಸೂಪು ಉಕ್ಕಲಿಲ್ಲ.

ಅಮ್ಮನಿಗೆ ಮೊದಲ ಬಟ್ಟಲು ಇಟ್ಟರು. ಎರಡನೆಯದು ಪ್ಲಾಸಿದಾಳ ಮುಂದೆ ಬಂತು, ಮೇಲೆ ಸಣ್ಣಗೆ ಹೆಚ್ಚಿದ ಸೊಪ್ಪು, ಕರಿದ ಆಲೂಗಡ್ಡೆ ಎಳೆ. ಕಾಸಿಲ್ದಾ ನಿಂತೇ ಇದ್ದಳು, ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ. ಪ್ಲಾಸಿದಾ ಮೊದಲ ಚಮಚ ಬಾಯಲ್ಲಿಟ್ಟುಕೊಂಡು ನಾಲಿಗೆಯ ಮೇಲೆ ಹೊರಳಿಸಿದಳು.

"ಖಾರ ಜಾಸ್ತಿ," ಎಂದಳು. ತಿಂದಳು. "ಮ್ಯಾಕರೋನಿ ಹುರಿಯೋದು ನಾನು ಯಾವತ್ತೂ ಮಾಡಿದವಳಲ್ಲ. ಇದು ಯಾರ ಮನೆ ಪದ್ಧತಿ?" ತಿಂದಳು. "ಮೂಳೆ ಇನ್ನೊಂದು ಗಳಿಗೆ ಕುದೀಬೇಕಿತ್ತು." ತಿಂದಳು. ಬಟ್ಟಲಿನ ತಳದಲ್ಲಿ ಚಮಚ ಕೆರೆಯುವ ಸದ್ದು ಕೇಳಿಸಿತು.

ಕಾಸಿಲ್ದಾ ಮೂಲೆಯಲ್ಲಿದ್ದ ಸಂತೆಯ ಕಂಬಳಿಯತ್ತ ನೋಡಿದಳು. "ತಾರಿಹಾಗೆ ಗಂಟು ಕಟ್ಲಾ ಅಕ್ಕಾ?"

"ಯಾತಕ್ಕೆ? ನನ್ನ ಅಳಿಯ ಹೊಟ್ಟೆ ಹುಣ್ಣಿನವನು. ಇಷ್ಟು ಖಾರ ಹಾಕೋಳನ್ನ ಆ ಮನೆಗೆ ಕರ್ಕೊಂಡು ಹೋದ್ರೆ ನನ್ನನ್ನೂ ಆಚೆಗೆ ಹಾಕ್ತಾನೆ." ಪ್ಲಾಸಿದಾ ಬಟ್ಟಲನ್ನು ಮುಂದಕ್ಕೆ ತಳ್ಳಿದಳು. "ನಾಳೆ ಬಸ್ಸಿಗೆ ನನ್ನೊಬ್ಬಳದೇ ಸೀಟು ಹೇಳು. ಈಗ ಇನ್ನೊಂದು ಸೌಟು ಹಾಕು, ಆ ದಪ್ಪ ಆಲೂಗಡ್ಡೆ ಬೇಡ."

ಕಾಸಿಲ್ದಾ ಸೌಟು ಮುಳುಗಿಸಿದಳು. ದಪ್ಪ ಆಲೂಗಡ್ಡೆಯನ್ನೇ ಹುಡುಕಿ ಎರಡು ಹಾಕಿದಳು.