ಬದುಕಿದ್ದಾಳಾ ಎಂದು ಕೇಳಲು ಬಂದವರು

ಹೋದ ತಿಂಗಳು ಮೊಮ್ಮಗಳು ಕಾಲೇಜಿನ ಲ್ಯಾಬಿನಿಂದ ಸೀದಾ ಮನೆಗೆ ಬಂದವಳೇ ಹಿಂದಿನಿಂದ ನನ್ನ ಕಣ್ಣು ಮುಚ್ಚಿದಳು. ಅವಳ ಬೆರಳುಗಳಿಂದ ಮೂಗಿಗೆ ಚುಚ್ಚುವ ಒಂದು ವಾಸನೆ ಬಂತು. ಕೈಯಲ್ಲಿದ್ದ ಮೊರ ಜಾರಿ ಅಕ್ಕಿಯೆಲ್ಲ ನೆಲಕ್ಕೆ ಚೆಲ್ಲಿತು. "ಏನಾತಜ್ಜಿ? ಲ್ಯಾಬಿನಾಗ ಕೊಯ್ಯೋ ಕಪ್ಪಿ ಕೆಡಬಾರ್ದು ಅಂತ ಹಾಕಿಡ್ತಾರಲ್ಲ, ಆ ಔಷಧಿ ವಾಸ್ನಿ. ಫಾರ್ಮಲಿನ್ ಅಂತಾರ," ಎಂದಳು. ನನಗೆ ಹೇಳಿಕೊಡಲು ಬಂದಳು ನೋಡಿ! ಆ ವಾಸನೆಗೆ ಹೆದರಿ ನಾನು ಎಷ್ಟು ಬೇಸಿಗೆ ನಿದ್ದೆಗೆಟ್ಟಿದ್ದೇನೆ ಅಂತ ಅವಳಿಗೇನು ಗೊತ್ತು...

ಅದು ಡಾಕ್ಟರ ಕೈಯ ವಾಸನೆ. ಎಷ್ಟು ಸೋಪು ಹಚ್ಚಿ ತೊಳೆದರೂ ಹೋಗುತ್ತಿರಲಿಲ್ಲವಂತೆ. ಅವರ ಊರು ತೆಲಿಗಿ, ಕೆಲಸ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ. ನಾಡಿ ಹಿಡಿದು ಮಾತ್ರೆ ಬರೆದುಕೊಡುವ ಡಾಕ್ಟರಲ್ಲ. ಆಪರೇಷನ್ ಮಾಡಿ ಮಿದುಳಿನಿಂದ ತೆಗೆದ ಗಡ್ಡೆಯ ಚೂರನ್ನು ಕಾಗದಕ್ಕಿಂತ ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಯ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಸಾಧು ಜಾತಿಯ ಗಡ್ಡೆ, ಇದು ಕೆಟ್ಟ ಜಾತಿಯದು ಎಂದು ಹೇಳುವವರು. ಜೀವಮಾನವಿಡೀ ಅದನ್ನೇ ಓದಿದರು, ಅದರ ಮೇಲೇ ಸಂಶೋಧನೆ ಮಾಡಿದರು. ನಮ್ಮ ಮನೆಯಲ್ಲಿ ಅವರಿಗೆ ಗಡ್ಡೆ ಡಾಕ್ಟರು ಅಂತಲೇ ಹೆಸರು.

ಎಪ್ಪತ್ತರ ದಶಕದ ಕೊನೆಯ ಮಾತು. ತಂಬ್ರಹಳ್ಳಿಗೆ ಸೊಸೆಯಾಗಿ ಬಂದ ವರ್ಷವೇ ನನಗೆ ಫಿಟ್ಸ್ ಶುರುವಾಯಿತು. ರೊಟ್ಟಿ ಬಡಿಯುತ್ತ ಬಡಿಯುತ್ತಲೇ ಬಿದ್ದುಬಿಡುತ್ತಿದ್ದೆ. ಗಾಳಿ ಸೋಕಿದೆ ಅಂದರು, ಉಜ್ಜಿನಿ ಗುಡಿಗೆ ಹರಕೆ ಹೊತ್ತರು. ಕೊನೆಗೆ ಹಿಟ್ಟಿನ ಗಿರಣಿ ನಡೆಸುತ್ತಿದ್ದ ನನ್ನ ಗಂಡ ಯಾರ ಮಾತೂ ಕೇಳದೆ ಬೆಂಗಳೂರಿಗೆ ಕರೆದುಕೊಂಡು ಹೋದರು. ತಲೆ ಬೋಳಿಸಿದರು, ಬುರುಡೆ ತೆರೆದರು, ಗಡ್ಡೆ ತೆಗೆದರು. ಊರಿಗೆ ಹೊರಡುವ ದಿನ ಆಪರೇಷನ್ ಮಾಡಿದವರು ಗಂಡನನ್ನು ಪಕ್ಕಕ್ಕೆ ಕರೆದು, "ಮನೆಗೆ ಕರ್ಕೊಂಡು ಹೋಗಿ, ಕೇಳಿದ್ದು ಮಾಡಿ ಹಾಕಿ," ಎಂದರಂತೆ. ಆ ಮಾತಿನ ಅರ್ಥ ಯಾರಿಗೆ ತಿಳಿಯುವುದಿಲ್ಲ! ಅತ್ತೆ ಕೇಳಿ ಕೇಳಿ ಹೋಳಿಗೆ ಮಾಡಿ ಹಾಕತೊಡಗಿದರು.

ವರ್ಷ ತುಂಬಿತು, ನಾನು ಸಾಯಲಿಲ್ಲ. ತಲೆಗೂದಲು ಬೆಳೆಯಿತು, ಫಿಟ್ಸ್ ನಿಂತಿತು. ಆದರೆ ಹೆದರಿಕೆ ನಿಲ್ಲಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕೈ ಬಲಗಿವಿಯ ಮೇಲಿನ ಹೊಲಿಗೆಯ ಗುರುತಿಗೆ ಹೋಗುತ್ತಿತ್ತು, ಎಲ್ಲಾದರೂ ಉಬ್ಬಿದೆಯಾ ಅಂತ. ಅಷ್ಟರಲ್ಲಿ ಬೆಂಗಳೂರಿನಿಂದ ಒಂದು ಕಾರ್ಡು ಬಂತು, ರೋಗಿ ಬದುಕಿದ್ದಾರೆಯೇ ತಿಳಿಸಿ ಅಂತ. ಅತ್ತೆ ಸಿಟ್ಟಿಗೆದ್ದರು. "ಇಂಥಾದ್ದು ಕೇಳ್ತಾರೇನ್ಲೇ ಯಾರಾರ? ಇವ್ರ ಬಾಯಾಗ ಮಣ್ಣು ಹಾಕ," ಎಂದು ಒಲೆಗೆ ತುರುಕಿದರು. ಇನ್ನೊಂದು ಬಂತು. ಅದೂ ಒಲೆಗೇ ಹೋಯಿತು.

ಉತ್ತರ ಬಾರದ್ದಕ್ಕೆ ಕಾರ್ಡು ಬರೆದ ಗಡ್ಡೆ ಡಾಕ್ಟರೇ ಬಂದರು. ಬೇಸಿಗೆ ರಜೆಗೆ ತಾಯಿಯನ್ನು ನೋಡಲು ತೆಲಿಗಿಗೆ ಬಂದವರು, ಅಲ್ಲಿಂದ ಬಸ್ಸು ಹಿಡಿದು ಹುಡುಕಿಕೊಂಡು ಬಂದಿದ್ದರು. ಮಧ್ಯಾಹ್ನ, ಗಂಡ ಗಿರಣಿಯಲ್ಲಿದ್ದರು. ನಾನು ಒಳಕೋಣೆಯಲ್ಲಿ ಮಲಗಿದ್ದೆ. ಹೊರಗೆ ಗಂಡಸಿನ ದನಿ ಕೇಳಿತು.

"ಯವ್ವಾ, ಈ ಮನಿ ಸೊಸಿಗೆ ಬೆಂಗ್ಳೂರಾಗ ತಲಿ ಆಪರೇಷನ್ ಆಗಿತ್ತಲ್ಲ, ನಾನು ಆ ಆಸ್ಪತ್ರಿ ಡಾಕ್ಟರು. ಅದಾಳೇನ್ರಿ?"

"ಇಲ್ರಿ," ಎಂದರು ಅತ್ತೆ. "ಹೋದ್ಳು."

ನಮ್ಮ ಕಡೆ ಒಂದು ನಂಬಿಕೆ ಇದೆ. ಬದುಕಿದ್ದವರು ಸತ್ತರೆಂದು ಸುಳ್ಳು ಸುದ್ದಿ ಹಬ್ಬಿದರೆ ಅವರ ಆಯುಷ್ಯ ಗಟ್ಟಿಯಾಗುತ್ತದೆ ಅಂತ. ಅತ್ತೆಗೆ ಆ ಗಳಿಗೆಯಲ್ಲಿ ಅದು ಹೊಳೆದಿರಬೇಕು. ಸತ್ತಳು ಅಂದರೆ ಬಂದವನು ಎದ್ದು ಹೋಗುತ್ತಾನೆ, ಬಂದ ಸಾವೂ ಅವನ ಹಿಂದೆಯೇ ಹೋಗುತ್ತದೆ ಅಂತ ಅವರ ಲೆಕ್ಕ. ಆದರೆ ಈ ಮನುಷ್ಯ ಹೋಗಲಿಲ್ಲ. ಕಟ್ಟೆಯ ಮೇಲೆ ಕುಸಿದು ಕೂತು ನೀರು ಕೇಳಿದರು. ಆಮೇಲೆ ಒಂದೊಂದಾಗಿ ಕೇಳತೊಡಗಿದರು.

"ಕಡೀಕ ಹೆಂಗಿದ್ಳವ್ವಾ? ಫಿಟ್ಸ್ ಬಂದಿದ್ವಾ?"

"ಬಂದಿದ್ವು. ಬಾಳ ಬಂದಿದ್ವು."

"ಎಡಗೈ ಸ್ವಾಧೀನ ಇತ್ತಾ?"

"ಎಲ್ಲೀದ್ರಿ, ಬಿದ್ದು ಹೋಗಿತ್ತು. ಕಾಲೂ ಬಿದ್ದಿತ್ತು."

"ಮಾತು?"

"ಮದ್ಲ ಮಾತು ಹೋತು. ಆಮ್ಯಾಲ ಕಣ್ಣು ಮಂಜಾದ್ವು..."

ಅಬ್ಬಬ್ಬಾ, ನನ್ನ ಸಾವನ್ನು ನಾನೇ ಮಲಗಿಕೊಂಡು ಕೇಳುತ್ತಿದ್ದೆ! ಅತ್ತೆ ಕೈ ಬಿತ್ತು ಅಂದಾಗ ಕತ್ತಲಲ್ಲಿ ಎಡಗೈ ಎತ್ತಿ ನೋಡಿಕೊಂಡೆ. ಅದು ಭಾರ ಅನ್ನಿಸಿತು. ಕಾಲು ಅಂದಾಗ ಕಾಲು ಜೋಮು ಹಿಡಿಯಿತು. ಕಣ್ಣು ಅಂದಾಗ ಬಾಗಿಲ ಸಂದಿಯ ಬೆಳಕು ನಿಜವಾಗಿಯೂ ಮಂಜಾಯಿತು. ಅತ್ತೆಗೆ ಇದೆಲ್ಲ ನನ್ನಲ್ಲಿ ಆಗಲೇ ಕಂಡಿದೆಯಾ, ಅದಕ್ಕೇ ಹೀಗೆ ತಡವರಿಸದೆ ಹೇಳುತ್ತಿದ್ದಾರಾ ಅಂತ ಜೀವ ಬಾಯಿಗೆ ಬಂತು. ಇನ್ನು ಮಲಗಿದ್ದರೆ ಸತ್ತೇಹೋಗುತ್ತೇನೆ ಅನ್ನಿಸಿ ಎದ್ದು ಹೊರಗೋಡಿದೆ. "ಅತ್ತೀ, ಸಾಕು ಮಾಡ್ರಿ! ನಾ ಇನ್ನೂ ಅದೀನಿ!" ಎಂದು ಕಿರುಚಿದೆ.

ಡಾಕ್ಟರ ಕೈಯಿಂದ ಲೋಟ ಬಿತ್ತು. ಸತ್ತವರ ಮಿದುಳನ್ನೂ ಕೊಯ್ದು ನೋಡುವ ಮನುಷ್ಯ ನನ್ನನ್ನು ಕಂಡು ಬೆವೆತುಬಿಟ್ಟರು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅಳತೊಡಗಿದರು. ಡಾಕ್ಟರು ಅತ್ತೆಯನ್ನು ಒಂದು ಮಾತೂ ಬೈಯಲಿಲ್ಲ. "ತಲಿ ಮುಟ್ಲೇನವ್ವಾ?" ಎಂದು ನನ್ನನ್ನು ಕೇಳಿ, ಹೊಲಿಗೆಯ ಗುರುತನ್ನು ಬೆರಳಿನಿಂದ ತಡವಿದರು. ಆ ವಾಸನೆ ನನಗೆ ಮೊದಲು ಬಂದದ್ದು ಆಗಲೇ. "ನಿನ್ನ ಗಡ್ಡಿ ನಂಗ ಚಲೋ ಪರಿಚಯ ತಂಗಿ. ನಿನ್ನ ಮಾರಿ ಇವತ್ತು ನೋಡಿದೆ," ಎಂದರು.

ಅಲ್ಲಿಂದ ಪ್ರತಿ ಬೇಸಿಗೆ ಬಂದರು. ಗೆರೆ ಹಿಡಿದು ನಡೆಸುವರು, ಕಣ್ಣು ಮುಚ್ಚಿ ಮೂಗು ಮುಟ್ಟಿಸುವರು, ವಾರದ ಹೆಸರು ಕೊನೆಯಿಂದ ಹಿಂದಕ್ಕೆ ಹೇಳಿಸುವರು. ಹಳ್ಳಿಯವರಿಗೆ ಅದೊಂದು ತಮಾಷೆ. ನನಗೆ ಮಾತ್ರ ಅವರು ಬರುವ ದಿನ ಹತ್ತಿರವಾದಂತೆ ಬಾಯಿಯ ಪಸೆ ಆರುತ್ತಿತ್ತು. ಶನಿವಾರದ ಹಿಂದೆ ಶುಕ್ರವಾರ ಅನ್ನುವುದು ಒಂದು ಕ್ಷಣ ತಡವಾದರೂ ಅವರ ಹುಬ್ಬು ನೋಡುತ್ತಿದ್ದೆ. ಚೆನ್ನಾಗಿದ್ದೀಯ ಎಂದು ಹೇಳಿ ಅವರು ಬಸ್ಸು ಹತ್ತಿದರೆ ನನಗೆ ಇನ್ನೊಂದು ವರ್ಷದ ಉಸಿರು.

ಇಷ್ಟೊಂದು ಯಾಕೆ ತಿರುಗುತ್ತೀರಿ ಎಂದು ಗಂಡ ಒಮ್ಮೆ ಕೇಳಿದರು. "ಇಂಥಾ ಗಡ್ಡಿ ಆದವ್ರನ್ನ ಹುಡುಕ್ಕೋತ ಕೂಡ್ಲಿಗಿ ಕಡೀಗ ಹೋಗಿದ್ದೆ, ಹಡಗಲಿ ಕಡೀಗ ಹೋಗಿದ್ದೆ. ಎಲ್ಲಾರ ಮನ್ಯಾಗೂ ಫೋಟೋಕ್ಕ ಹಾರ ಹಾಕಿದ್ರು," ಎಂದರು ಡಾಕ್ಟರು. ಆಮೇಲೆ ನನ್ನ ಕಡೆ ಕೈ ತೋರಿಸಿ ಹೇಳಿದರು. "ಇವ್ಳ ಗಡ್ಡಿ ಭಾರಿ ಕೆಟ್ಟ ಜಾತಿದು, ಉಳಿಯಂಗಿಲ್ಲ ಅಂತ ಬರೆದಾವ ನಾನ. ನಾ ಬರೆದದ್ದು ನೋಡೇ ಮನೀಗೆ ಕಳಿಸಿದ್ರು. ಇವ್ಳು ನೋಡಿದ್ರ ರೊಟ್ಟಿ ಬಡೀತಾಳ. ಇವ್ಳದು ತಪ್ಪು ಓದಿದ್ರ, ಇನ್ನ ಎಷ್ಟು ಮಂದೀದು ತಪ್ಪು ಓದೀನೋ... ಅವ್ರನ್ನೂ ಹಿಂಗ ಮನೀಗೆ ಕಳಿಸ್ಯಾರ." ಹೇಳಿ, ಕಾಫಿ ಕುಡಿಯದೆ ಲೋಟ ಕೆಳಗಿಟ್ಟರು. ನನ್ನಷ್ಟೇ ಹೆದರಿದ ಇನ್ನೊಂದು ಜೀವ ಲೋಕದಲ್ಲಿದೆ ಅಂತ ಆ ದಿನ ತಿಳಿಯಿತು.

ಒಮ್ಮೆ ಅಕಾಲದಲ್ಲಿ, ಕಾರ್ತಿಕದಲ್ಲಿ ಬಂದರು. ನಾನು ಆಗ ಬಸುರಿ. ಬೇಸಿಗೆಯಲ್ಲದೆ ಬಂದಿದ್ದಾರೆ ಎಂದರೆ ಕೆಟ್ಟ ಸುದ್ದಿಯೇ ಅಂದುಕೊಂಡೆ. ಅವರ ಮುಖ ನೋಡಿದರೆ ಹಬ್ಬ! "ತಂಗಿ, ನಿನ್ನ ಗಡ್ಡಿ ಸ್ಲೈಡು ದೊಡ್ಡ ದೊಡ್ಡವರಿಗೆಲ್ಲ ತೋರಿಸ್ದೆ. ಎಲ್ಲಾರೂ ಅದೇ ಅಂದ್ರು. ಕೆಟ್ಟ ಜಾತಿದೇ. ನಾ ತಪ್ಪು ಓದಿಲ್ಲ," ಎಂದರು. ವರ್ಷಗಟ್ಟಲೆ ಹೊತ್ತ ಹೊರೆ ಇಳಿಸಿದವರ ಹಾಗೆ ಕಟ್ಟೆಗೆ ಒರಗಿ ಕೂತರು.

ಅವರ ಹೊರೆ ಇಳಿದು ನನ್ನ ತಲೆಯ ಮೇಲೆ ಕೂತಿತು. ತಪ್ಪು ಓದಿದ್ದಾರೆ ಎಂಬ ಒಂದೇ ಆಸೆಯ ಮೇಲೆ ನಾನು ಬಸುರಾಗಿದ್ದೆ.

"ಹಂಗಾರ ಅದು ತಿರುಗಿ ಬರ್ತೈತೇನ್ರಿ?" ಎಂದೆ.

ನನ್ನ ಹೊಟ್ಟೆ ಅವರ ಕಣ್ಣಿಗೆ ಬಿದ್ದದ್ದು ಆಗಲೇ ಇರಬೇಕು. ಮುಖದ ನಗು ಮಾಯವಾಯಿತು.

"ತಪ್ಪಾಗೈತಿ ಅನ್ರಿ ಸರ. ನಿಮ್ಮ ಕಾಲು ಬೀಳ್ತೀನಿ. ಒಂದು ಸಲ ಅನ್ರಿ," ಎಂದು ಅತ್ತೆಯ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಡಾಕ್ಟರು ಹಣೆ ಉಜ್ಜಿಕೊಂಡರು. ಬೀದಿಯ ಕಡೆ ನೋಡಿದರು. ಕಂಡದ್ದಕ್ಕಿಂತ ಒಂದಕ್ಷರ ಹೆಚ್ಚು ಬರೆಯದ ಮನುಷ್ಯ ಅವರು. ಆಮೇಲೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. "ತಪ್ಪಾಗೈತಿ ತಂಗಿ. ನಂದ ತಪ್ಪು. ನಿಂದು ಸಾಧು ಗಡ್ಡಿ. ಮತ್ತ ಬರಂಗಿಲ್ಲ, ಧೈರ್ಯದಿಂದ ಹಡಿ."

ಸುಳ್ಳು ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಆ ರಾತ್ರಿ ಮೈಮರೆತು ನಿದ್ದೆ ಮಾಡಿದೆ. ಮಗಳನ್ನು ಹೆತ್ತೆ.

ಮುಂದಿನ ಬೇಸಿಗೆಯಲ್ಲಿ ಅವರು ಬರಲಿಲ್ಲ. ಕೂಸನ್ನು ಅವರ ಕೈಗೆ ಕೊಡಬೇಕೆಂದು ಮೊದಲ ಸಲ ಹೆದರದೆ ಕಾದಿದ್ದೆ. ಮಳೆಗಾಲ ಬಂದ ಮೇಲೆ ಗಂಡ ತೆಲಿಗಿಗೆ ಹೋಗಿ ವಿಚಾರಿಸಿಕೊಂಡು ಬಂದರು. ಎದೆನೋವು ಅಂತ ಕುರ್ಚಿಯಲ್ಲಿ ಕೂತವರು ಏಳಲಿಲ್ಲವಂತೆ. "ಸುಳ್ಳಿರ್ಬೇಕು ನೋಡು," ಎಂದು ಅತ್ತೆ ಸಂಜೆತನಕ ಹೇಳಿದರು... ಸುಳ್ಳಾಗಿರಲಿಲ್ಲ.

ಆ ಸುಳ್ಳು ಮಾತನ್ನು ಹಿಡಿದುಕೊಂಡು ಇಷ್ಟು ವರ್ಷ ಬದುಕಿದೆ. ಮಗಳ ಮದುವೆ ಮಾಡಿದೆ, ಗಂಡನನ್ನೂ ಅತ್ತೆಯನ್ನೂ ಕಳುಹಿಸಿಕೊಟ್ಟೆ. ಮೊಮ್ಮಗಳು ಅಕ್ಕಿ ಚೆಲ್ಲಿಸಿದ ಮಾರನೆಯ ವಾರ ತಲೆ ವಿಪರೀತ ನೋಯಿತು. ಹಳೆಯ ಪುಕ್ಕಲಿ ನಾನು, ದಾವಣಗೆರೆಗೆ ಓಡಿದೆ. ಎಳೆಯ ವಯಸ್ಸಿನ ಡಾಕ್ಟರೊಬ್ಬ ಸ್ಕ್ಯಾನು ಮಾಡಿಸಿ, ಏನೂ ಇಲ್ಲ ಎಂದ. ನನ್ನ ಕಥೆಯೆಲ್ಲ ಕೇಳಿ, "ಅಜ್ಜಿ, ನೋಡೋಕೆ ಭಯಂಕರ, ಸ್ವಭಾವದಾಗ ಅಷ್ಟು ಕೆಟ್ಟದ್ದಲ್ಲ, ಅಂಥಾದ್ದೊಂದು ಗಡ್ಡಿ ಐತಿ. ಆವಾಗಿನ್ನೂ ಅದು ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಕೆಟ್ಟದ್ದು ಅಂತಾನೇ ಬರೀತಿದ್ರು. ನಿಮ್ಮದು ಅದೇ ಇರಬೇಕು," ಎಂದ.

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಖುಷಿಯಾಗಬೇಕಿತ್ತು, ಆಗಲಿಲ್ಲ. ಬದುಕಿನಲ್ಲಿ ಒಂದೇ ಒಂದು ಸುಳ್ಳು ಹೇಳಿದೆ ಅಂತ ಆ ಮನುಷ್ಯ ಕೊರಗಿಕೊಂಡೇ ಹೋದರಾ? "ಸರ, ನೀವು ಅವತ್ತು ಹೇಳಿದ್ದು ಖರೇನ ಐತ್ರಿ," ಅಂತ ಓಡಿಹೋಗಿ ಹೇಳಬೇಕು ಅನ್ನಿಸಿತು. ಬಸ್‌ಸ್ಟ್ಯಾಂಡಿನಲ್ಲಿ ತೆಲಿಗಿ, ತೆಲಿಗಿ ಎಂದು ಕಂಡಕ್ಟರ್ ಕೂಗುತ್ತಿದ್ದ. ಆ ಬಸ್ಸು ಹೋಗುವ ತನಕ ನೋಡುತ್ತ ನಿಂತಿದ್ದು, ನಮ್ಮೂರಿನ ದಾರಿ ಹಿಡಿದೆ.